ಇಪ್ಪತ್ತು ನಿಮಿಷ ಮುಂದಿದ್ದ ಮನೆ

ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ತಲೆ ನರೆಸಿಕೊಂಡ ಮನುಷ್ಯನಿಗೆ ಜೊತೆಯವರು ಇಟ್ಟ ಹೆಸರು ಟೈಮಪ್ಪ. ನಿವೃತ್ತಿಯ ದಿನ ಹಾರದ ಜೊತೆಗೆ ಆ ಹೆಸರೂ ಮನೆಗೆ ಬಂತು. ತರಕಾರಿ ಅಂಗಡಿಯವನು ಹಾಗೇ ಕರೆಯುತ್ತಾನೆ, ಪಾರ್ಕಿನ ಬೆಂಚಿನ ಗೆಳೆಯರು ಹಾಗೇ ಕರೆಯುತ್ತಾರೆ, ಸಿಟ್ಟು ಬಂದರೆ ಒಡಹುಟ್ಟಿದ ಅಕ್ಕನೂ ಹಾಗೇ ಕರೆಯುತ್ತಾರೆ. ಕರೆಸಿಕೊಳ್ಳುವಾಗ ಮುಖ ಗಂಟಿಕ್ಕಿದರೂ ಟೈಮಪ್ಪನವರಿಗೆ ಒಳಗೊಳಗೇ ಖುಷಿಯೇ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಎಲ್ಲ ಗಡಿಯಾರಗಳೂ ಇಪ್ಪತ್ತು ನಿಮಿಷ ಮುಂದೆ. ಹಾಲ್‌ನ ಗೋಡೆ ಗಡಿಯಾರ, ಅಡುಗೆಮನೆಯದು, ಅಲಾರಂ, ಕೊನೆಗೆ ಟೈಮಪ್ಪನವರ ಬಟನ್ ಫೋನೂ ಹಾಗೆಯೇ. ಬೆಳಗಿನ ಮೊದಲ ಬಸ್ಸಿಗೆ ಸಹಿ ಹಾಕಬೇಕಾದವನು ತಡವಾಗಬಾರದು ಎಂದು ಎಂದೋ ಮುಂದೆ ತಿರುಗಿಸಿದ್ದ ಮುಳ್ಳುಗಳು ಹಾಗೇ ಉಳಿದುಕೊಂಡಿದ್ದವು. ಮನೆಯವರೆಲ್ಲರಿಗೂ ಇದು ಗೊತ್ತು, ನೋಡಿದ ಕೂಡಲೇ ಮನಸ್ಸಿನಲ್ಲೇ ಇಪ್ಪತ್ತು ಕಳೆಯುತ್ತಾರೆ. ಮಗಳು ಶಾಲೆಗೆ ಸೇರುವ ಮೊದಲೇ ಕಳೆಯುವ ಲೆಕ್ಕ ಕಲಿತದ್ದು ಹೀಗೆ. ಎಲ್ಲರೂ ಕಳೆಯುವುದೇ ಆದರೆ ಮುಂದಿಟ್ಟು ಏನು ಬಂತು ಎಂದು ಯಾರಾದರೂ ಕೇಳಿದರೆ, "ಇರ್ಲಿ, ಒಂದು ಧೈರ್ಯ ಇರುತ್ತೆ" ಎನ್ನುತ್ತಿದ್ದರು ಟೈಮಪ್ಪನವರು. ಆ ಧೈರ್ಯ ಯಾವುದೆಂದು ಕೇಳಿದವರಿಗೂ ತಿಳಿಯಲಿಲ್ಲ, ಹೇಳಿದವರಿಗೂ ತಿಳಿದಿರಲಿಲ್ಲ.

ಮನೆಯಲ್ಲಿ ಇದ್ದವರು ಮೂರೇ ಜನ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಬೆಳಕು ಹರಿಯುತ್ತಲೇ ಹೊರಡುವ ಕೆಲಸ. ಇನ್ನೊಬ್ಬರು ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಊರಿಗೆಲ್ಲ ಮಾತು ದಾಟಿಸಿದವರು, ಮದುವೆಯ ಗೊಡವೆಗೆ ಹೋಗದೆ ತಮ್ಮನ ಮನೆಯಲ್ಲೇ ಉಳಿದವರು. ಪಾರ್ಶ್ವವಾಯು ಹೊಡೆದು ಎಡಗಡೆ ಸೋತಿತ್ತು. ನಾಲಿಗೆ ಮಾತ್ರ ಸೋತಿರಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಅವರದೊಂದು ರೇಡಿಯೋ, ಎಚ್ಚರವಿದ್ದಷ್ಟು ಹೊತ್ತು ಅದು ಹಾಡುತ್ತಲೋ ಹೇಳುತ್ತಲೋ ಇರುತ್ತಿತ್ತು.

ಅಕ್ಕನನ್ನು ನೋಡಿಕೊಳ್ಳಲು ಬೆಳಗ್ಗೆ ಎಂಟಕ್ಕೆ ಆಯಮ್ಮ ಬರುತ್ತಿದ್ದಳು. ಏಜೆನ್ಸಿ ಕಳಿಸಿದ ಹೆಂಗಸು. ಸ್ನಾನ, ಊಟ, ಮಾತ್ರೆ, ಕೈಕಾಲು ಆಡಿಸುವುದು ಎಲ್ಲ ಅವಳದೇ. ಅಕ್ಕನೂ ಅವಳೂ ದಿನವಿಡೀ ಜಗಳವಾಡಿಕೊಂಡು ಸುಖವಾಗಿದ್ದರು. ಮಗಳು ಹೊರಡುವ ಮುನ್ನ ಅಪ್ಪನಿಗೆ ಹಾಕಿದ್ದ ಕಟ್ಟಳೆ ಒಂದೇ: "ಆಯಮ್ಮ ಬರೋ ತನಕ ನೀನು ಹೊಸಿಲು ದಾಟ್ಬೇಡಪ್ಪ. ಅತ್ತೆ ಒಬ್ರೇ ಇರಬಾರ್ದು."

ಮನೆಗೆ ಕ್ಯಾಮೆರಾ ಬಂದದ್ದು ಚಪ್ಪಲಿಯ ದೆಸೆಯಿಂದ. ಮಗಳ ಹೊಸ ಚಪ್ಪಲಿಗಳನ್ನು ಯಾರೋ ಬಾಗಿಲಿಂದಲೇ ಎತ್ತಿಕೊಂಡು ಹೋದರು. ಟೈಮಪ್ಪನವರು ಮರುದಿನವೇ ಕ್ಯಾಮೆರಾ ಹಾಕುವವನನ್ನು ಕರೆಸಿದರು. ಗೇಟಿಗೊಂದು, ಪಕ್ಕದ ಓಣಿಗೊಂದು, ಜಗುಲಿಗೊಂದು. ನಾಲ್ಕನೆಯದನ್ನು ಅಕ್ಕನ ಕೋಣೆಗೆ ಹಾಕಲು ಹೋದಾಗ ಒಳಗಿಂದ, "ಇಲ್ಲಿ ಆ ಕಣ್ಣು ಇಟ್ರೆ ಊರುಗೋಲಲ್ಲಿ ಒಡೆದು ಹಾಕ್ತೀನಿ" ಎಂದು ಕೇಳಿಸಿತು. ಅದು ಡಬ್ಬಿಯಲ್ಲೇ ಉಳಿಯಿತು. ಎಲ್ಲ ಕ್ಯಾಮೆರಾಗಳ ವೈರುಗಳೂ ಹೋಗಿ ಸೇರುವ ರೆಕಾರ್ಡರ್ ಪೆಟ್ಟಿಗೆಯನ್ನು ಸ್ಟೋರ್ ರೂಮಿನ ಅಟ್ಟದ ಮೇಲೆ ಕೂರಿಸಿದರು.

ಏಣಿಯ ಮೇಲಿಂದ ಕ್ಯಾಮೆರಾದವನು ಕೂಗಿ ಕೇಳಿದ: "ಸಾರ್, ಟೈಮ್ ಎಷ್ಟಾಯ್ತು?" ಹಾಲ್‌ನಲ್ಲಿದ್ದ ಟೈಮಪ್ಪನವರು ತಲೆ ಎತ್ತಿ ಗೋಡೆ ನೋಡಿ, ನಿಮಿಷಕ್ಕೆ ನಿಮಿಷ ಬಿಡದೆ ಹೇಳಿದರು. ಆ ಮನೆಯಲ್ಲಿ ಹೊತ್ತು ಕೇಳಿದರೆ ಹಾಗೇ ಹೇಳುವುದು, ಕಳೆದುಕೊಳ್ಳುವ ಜವಾಬ್ದಾರಿ ಕೇಳಿದವರದು. ಕ್ಯಾಮೆರಾದವನು ಮನೆಯವನಲ್ಲವಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಪೆಟ್ಟಿಗೆಗೆ ತುಂಬಿ, ಏಣಿ ಮಡಚಿಕೊಂಡು ಹೋದ.

ಅಲ್ಲಿಂದ ಟೈಮಪ್ಪನವರಿಗೆ ಹೊಸ ನೌಕರಿ ಸಿಕ್ಕಿದಂತಾಯಿತು. ಹಳೆಯ ಟಿವಿಯನ್ನು ಪೆಟ್ಟಿಗೆಗೆ ಜೋಡಿಸಿ, ಸ್ಟೋರ್ ರೂಮಿನಲ್ಲಿ ಬಕೆಟ್ ಬೋರಲು ಹಾಕಿ ಕುಳಿತರೆ ಬೆಳಗಿನಿಂದ ಬೀದಿಯಲ್ಲಿ ಆದದ್ದೆಲ್ಲ ಕಣ್ಣೆದುರಿಗೆ. ಚಪ್ಪಲಿ ಕಳ್ಳ ಮತ್ತೆ ಬರಲಿಲ್ಲ. ಬದಲಿಗೆ ಅವರು ಬೇರೆಯೇ ಒಂದು ಸತ್ಯ ಕಂಡುಕೊಂಡರು: ಲೋಕದಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಹಾಲಿನವನು ತಡ, ಪೇಪರಿನವನು ತಡ, ಎದುರುಮನೆ ಮಕ್ಕಳ ಶಾಲೆಯ ವ್ಯಾನೂ ತಡ. ಎಲ್ಲರೂ ಒಂದೇ ಅಳತೆಗೆ ತಡವಾಗುತ್ತಿದ್ದಾರಲ್ಲ ಎಂಬ ಅನುಮಾನ ಬರಬೇಕಿತ್ತು, ಬರಲಿಲ್ಲ. "ನಮ್ಮ ಕಾಲದಲ್ಲಾಗಿದ್ರೆ ಮೆಮೊ ಕೊಟ್ಟು ಮನೆಗೆ ಕಳಿಸ್ತಿದ್ದೆ" ಎಂದು ಪಾರ್ಕಿನ ಬೆಂಚಿನಲ್ಲಿ ಹೇಳಿ ಸಮಾಧಾನಪಟ್ಟುಕೊಂಡರು. ಆಯಮ್ಮನೂ ತಡವೇ. ದಿನಾ ಎಂಟೂ ಇಪ್ಪತ್ತು. ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಅವಳು ಬಂದಾಗ ಮೊದಲಿನಂತೆ "ಬಾಮ್ಮ" ಎನ್ನುವುದನ್ನು ಬಿಟ್ಟರು.

ಹೀಗಿರುವಾಗ ಒಂದು ಬೆಳಗ್ಗೆ ಅಕ್ಕ ಬಿದ್ದರು.

ಟೈಮಪ್ಪನವರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಆಯಮ್ಮ ಅಕ್ಕನನ್ನು ಎತ್ತಿ ಮಂಚದ ಮೇಲೆ ಒರಗಿಸಿ, ಊದಿದ ಕೈಯನ್ನು ಹಳೇ ಸೀರೆಯ ತುಂಡಿನಿಂದ ಕತ್ತಿಗೆ ಕಟ್ಟಿ, ಮಗಳಿಗೆ ಫೋನ್ ಮಾಡಿ, ಆಟೋ ಕರೆಸಿ ನಿಲ್ಲಿಸಿದ್ದಳು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೂಳೆ ಮುರಿದಿದೆ ಎಂದರು. ಸರಿಯಿದ್ದ ಒಂದೇ ಕೈ ಅದು. ಅದಕ್ಕೂ ಪಟ್ಟಿ ಬಿತ್ತು. ಯಾವಾಗ ಬಿದ್ದದ್ದು ಎಂದು ಡಾಕ್ಟರು ಕೇಳಿದ್ದಕ್ಕೆ ಅಕ್ಕ, "ಎಂಟರ ವಾರ್ತೆ ಶುರುವಾಗೋ ಮುಂಚೆ ಕುಂಯ್ ಕುಂಯ್ ಅಂತಲ್ಲ, ಆಗ" ಎಂದರು.

ಮಧ್ಯಾಹ್ನ ಮನೆಗೆ ಬಂದವರೇ ಟೈಮಪ್ಪನವರು ನೇರವಾಗಿ ಸ್ಟೋರ್ ರೂಮಿಗೆ ಹೋದರು. ಆಯಮ್ಮ ಗೇಟು ತೆಗೆಯುವ ಚಿತ್ರ ಹುಡುಕಿದರು. ಮೂಲೆಯಲ್ಲಿ ಎಂಟೂ ಇಪ್ಪತ್ತು. ವಾರ್ತೆ ಎಂಟಕ್ಕೆ. ಅಂದರೆ ಅಕ್ಕ ಇಪ್ಪತ್ತು ನಿಮಿಷ ಬರಿ ನೆಲದ ಮೇಲೆ ಬಿದ್ದಿದ್ದರು. ಮುಂದೆ ನೋಡಲಿಲ್ಲ, ಹಿಂದೆ ನೋಡಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಎಷ್ಟೊತ್ತಿಗೆ ಬಂದೆ ಇವತ್ತು?"

"ಎಂಟಕ್ಕೆ ಸಾರ್. ಗೇಟ್ ತೆಗೀವಾಗ ಕಿಟಕೀಲಿ ವಾರ್ತೆ ಕೇಳಿಸ್ತಿತ್ತು. ಶುರುವಾಗಿತ್ತು ಅಷ್ಟೆ."

"ಎಂಟೂ ಇಪ್ಪತ್ತಕ್ಕೆ ಬಂದಿದ್ದೀಯ. ನನ್ನ ಹತ್ರ ವಿಡಿಯೋ ಇದೆ. ದಿನಾ ಇದೇ ಕಥೆ ನಿಂದು."

ಕೋಣೆಯೊಳಗಿಂದ ಅಕ್ಕ, "ಇಲ್ಲ ಕಣೋ, ನಾನು ಬಿದ್ದ ಎರಡೇ ನಿಮಿಷಕ್ಕೆ ಬಂದ್ಲು" ಎಂದರು.

"ಆ ನೋವಲ್ಲಿ ನಿನಗೇನು ಗೊತ್ತಾಗುತ್ತೆ? ನೀನು ಸುಮ್ನೆ ಮಲಗು."

ಆಯಮ್ಮ ವಾದ ಮಾಡಲಿಲ್ಲ. "ಕ್ಯಾಮೆರಾನೇ ಹೇಳಿದ್ಮೇಲೆ ನಾನೇನ್ ಹೇಳ್ಲಿ" ಎಂದು, ರಾತ್ರಿಯ ಮಾತ್ರೆ ಯಾವುದು, ಯಾವುದನ್ನು ಊಟಕ್ಕೆ ಮೊದಲು ಕೊಡಬೇಕು ಎಂದು ಮಗಳಿಗೆ ತೋರಿಸಿಕೊಟ್ಟು, ತನ್ನ ಚೀಲ ತೆಗೆದುಕೊಂಡು ಹೋದಳು. ಹೋಗುವಾಗ ಕಣ್ಣು ಒರೆಸಿಕೊಂಡಳು ಎಂದು ಆಮೇಲೆ ಮಗಳು ಹೇಳಿದಳು. ಟೈಮಪ್ಪನವರು ಅದನ್ನು ನೋಡಲಿಲ್ಲ, ಏಜೆನ್ಸಿಗೆ ಫೋನ್ ಹಚ್ಚುತ್ತಿದ್ದರು.

ಏಜೆನ್ಸಿಯ ಮೇಡಂ ಸಮಾಧಾನದಿಂದ ಕೇಳಿಸಿಕೊಂಡು, "ಆ ವಿಡಿಯೋ ಕಳಿಸಿ ಸಾರ್. ನಿಜ ಆಗಿದ್ರೆ ಅವರನ್ನ ಇನ್ನು ಯಾವ ಮನೆಗೂ ಕಳಿಸಲ್ಲ" ಎಂದರು. ಬದಲಿಗೆ ಬೇರೊಬ್ಬಳನ್ನು ಕಳಿಸಿದರು. ಹೊಸಬಳು ತಪ್ಪು ಮಾಡುವವಳಲ್ಲ, ಮಾತಾಡುವವಳೂ ಅಲ್ಲ. ಚಮಚ ಬಾಯಿಗಿಟ್ಟು ಗೋಡೆ ನೋಡುತ್ತಿದ್ದಳು. ಅಕ್ಕ ಎರಡು ತುತ್ತಿಗೆ "ಸಾಕು" ಎನ್ನತೊಡಗಿದರು. ಎರಡೂ ಕೈ ಇಲ್ಲದವರಿಗೆ ಇನ್ನೊಬ್ಬರ ಕೈಯೇ ಗತಿ. ಆ ಕೈ ಒಗ್ಗದಿದ್ದರೆ ಊಟ ಇಳಿಯುವುದಾದರೂ ಹೇಗೆ?

ವಿಡಿಯೋ ಕಳಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ಟಿವಿಯಲ್ಲಿ ನೋಡಬಹುದು, ತೆಗೆದುಕೊಳ್ಳಲು ಬರುವುದಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಪೆಟ್ಟಿಗೆ ಅದನ್ನು ಕಂಡೇ ಇಲ್ಲ ಎಂಬಂತೆ ಕುಳಿತಿತ್ತು. "ಕಂಪ್ಯೂಟರಿಗೆ ಜೋಡಿಸೋಣಪ್ಪ, ಅಲ್ಲಿಂದ ಇಳಿಸ್ಕೊಬಹುದು" ಎಂದು ಮಗಳು ರಜೆಯ ದಿನ ಮುಂಗೋಣೆಯ ತನ್ನ ಹಳೆಯ ಕಂಪ್ಯೂಟರಿನ ಧೂಳು ಒರೆಸಿ ಕುಳಿತಳು. ಬೆಳಗ್ಗೆ ಶುರುವಾದ ಕೆಲಸ. ಅಟ್ಟದ ಪೆಟ್ಟಿಗೆಯಿಂದ ಇಂಟರ್ನೆಟ್ಟಿನ ಡಬ್ಬಿಗೆ ಒಂದು ವೈರು ಎಳೆದದ್ದಾಯಿತು. ಪೆಟ್ಟಿಗೆಗೂ ಒಂದು ವಿಳಾಸ ಇರುತ್ತದಂತೆ, ಚುಕ್ಕಿ ಚುಕ್ಕಿ ಅಂಕಿಗಳದು. ಅದನ್ನು ಟಿವಿಯ ಮುಂದೆ ಬಕೆಟ್ಟಿನ ಮೇಲೆ ಕುಳಿತ ಟೈಮಪ್ಪನವರು ಒಂದೊಂದಾಗಿ ಕೂಗಿ ಹೇಳಿದರು, ಮುಂಗೋಣೆಯಲ್ಲಿ ಮಗಳು ಬರೆದುಕೊಂಡಳು. ಡಿಪೋದ ಮೈಕಿನಲ್ಲಿ ಬಸ್ಸಿನ ನಂಬರು ಕೂಗಿದ ಗಂಟಲು, ಬೀದಿಗೆಲ್ಲ ಕೇಳಿಸಿತು.

ವಿಳಾಸ ಹಾಕಿದ ಮೇಲೆ ಪಾಸ್‌ವರ್ಡ್ ಕೇಳಿತು. "ನನಗೆ ಬಾಯಿಪಾಠ" ಎಂದು ಹೇಳಿದ್ದು ಮೂರು ಸಲವೂ ತಪ್ಪಾಗಿ, ಇನ್ನು ಸ್ವಲ್ಪ ಹೊತ್ತು ಮುಟ್ಟಬೇಡಿ ಎಂದು ಕಂಪ್ಯೂಟರು ಬಾಗಿಲು ಹಾಕಿಕೊಂಡಿತು. ಕಾಫಿ ಕುಡಿದು ಬಂದು, ಟೈಮಪ್ಪನವರು ಮೊದಲು ಸಹಿ ಹಾಕಿ ಬಿಟ್ಟ ಬಸ್ಸಿನ ನಂಬರು ಹಾಕಿದರೆ ತೆರೆಯಿತು. ಆಮೇಲೂ ಬರೀ ಕಪ್ಪು ಪರದೆ. ಅದಕ್ಕೊಂದು ಸಣ್ಣ ತಂತ್ರಾಂಶ ಇಳಿಸಬೇಕಿತ್ತು, ಇಳಿಸಿದರೆ ಬೇರೆ ಬ್ರೌಸರಿನಲ್ಲಿ ತೆರೆಯಿರಿ ಎಂದಿತು. ಕೊನೆಗೂ ಪರದೆಯ ಮೇಲೆ ಗೇಟು, ಓಣಿ, ಜಗುಲಿ ಮೂರೂ ಕಾಣಿಸಿದಾಗ ಟೈಮಪ್ಪನವರು ಚಪ್ಪಾಳೆ ತಟ್ಟಿದರು. ಅಕ್ಕನನ್ನೂ ಗಾಲಿಕುರ್ಚಿಯಲ್ಲಿ ಕರೆತಂದು ಪಕ್ಕಕ್ಕೆ ನಿಲ್ಲಿಸಿಕೊಂಡರು. ಸಾಕ್ಷಿ ಕಣ್ಣಾರೆ ನೋಡಲಿ ಎಂದು.

ಮಗಳು ಆ ದಿನಕ್ಕೆ ಹೋಗಿ ಆಯಮ್ಮ ಬರುವುದಕ್ಕೆ ಸ್ವಲ್ಪ ಹಿಂದಿನಿಂದ ಓಡಿಸಿದಳು. ಮೊದಲು ಕಾಣಿಸಿದ್ದು ಆಯಮ್ಮನಲ್ಲ, ಟೈಮಪ್ಪನವರೇ. ಜಗುಲಿಗೆ ಬಂದರು, ಚಪ್ಪಲಿ ಮೆಟ್ಟಿದರು, ಅಕ್ಕನ ಕಿಟಕಿಯ ಕಡೆ ಒಮ್ಮೆ ನೋಡಿದರು. ಗೇಟಿನ ಚಿಲಕ ಸದ್ದಾಗದಂತೆ ಕೈಯಲ್ಲಿ ಹಿಡಿದು ಹಾಕಿ ಹೊರಟುಹೋದರು. ಮೂಲೆಯಲ್ಲಿ ಎಂಟೂ ಐದು.

ಆಸ್ಪತ್ರೆಯ ಗಡಿಬಿಡಿಯಲ್ಲಿ, ಅತ್ತೆ ಬಿದ್ದಾಗ ಅಪ್ಪ ಎಲ್ಲಿದ್ದರು ಎಂದು ಮಗಳು ಕೇಳಿರಲೇ ಇಲ್ಲ. ಆಯಮ್ಮ ಬರುವ ಮೊದಲೇ ಅಪ್ಪ ಹೋಗಿದ್ದಾರೆ ಎಂಬುದು ಅವಳಿಗೆ ಈಗಲೇ ಗೊತ್ತಾದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಯಾರೂ ಕೇಳದಿದ್ದರೂ ಟೈಮಪ್ಪನವರೇ ಶುರುಮಾಡಿದರು. "ನೋಡು, ಎಂಟಾದ ಮೇಲೂ ಐದು ನಿಮಿಷ ಕಾದಿದ್ದೀನಿ. ಅವಳು ಬರ್ಲಿಲ್ಲ. ಪಾರ್ಕಲ್ಲಿ ಎಲ್ರೂ ಕಾಯ್ತಿರ್ತಾರೆ, ಎಷ್ಟೊತ್ತು ಅಂತ ನಿಲ್ಲಲಿ?" ನಿಜ ಹೇಳಬೇಕೆಂದರೆ ಆವತ್ತು ಹೊರಡುವಾಗ ಅವರು ಗಡಿಯಾರ ನೋಡಿರಲೇ ಇಲ್ಲ. ಊರವರ ಹೊತ್ತು ನೋಡುವವರು ತಮ್ಮ ಹೊತ್ತು ನೋಡಿಕೊಳ್ಳುವುದಿಲ್ಲ. ಪರದೆಯ ಅಂಕಿ ತಮ್ಮ ಪರವಾಗಿ ಇರುವುದು ಕಂಡು ಹಾಗೇ ನಂಬಿಬಿಟ್ಟರು.

ಅಕ್ಕ ಪರದೆಯನ್ನೇ ನೋಡುತ್ತಿದ್ದರು. "ಎಂಟೂ ಐದಕ್ಕೆ ಹೊರಟ್ಯಾ?"

"ಕಾಣಿಸ್ತಿಲ್ವಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ನಾನು ಬಿದ್ದಿದ್ದು ವಾರ್ತೆ ಶುರುವಾಗೋ ಹೊತ್ತಿಗೆ. ಎಂಟಕ್ಕೆ. ನೀನು ಎಂಟೂ ಐದರ ತನಕ ಮನೇಲಿದ್ದೆ ಅಂದ್ರೆ, ಬಿದ್ದಿದ್ದ ನನ್ನ ನೋಡ್ಕೊಂಡೇ ಚಪ್ಪಲಿ ಹಾಕ್ಕೊಂಡ್ಯೇನೋ ಟೈಮಪ್ಪ?"

ಮಗಳು ಏನೋ ಹೊಳೆದವಳಂತೆ ರೆಕಾರ್ಡರಿನ ಸೆಟ್ಟಿಂಗ್ಸ್ ತೆರೆದಳು. ಅಲ್ಲಿ ಒಂದು ಕಡೆ ಪೆಟ್ಟಿಗೆಯ ಸಮಯ, ಅದರ ಪಕ್ಕದಲ್ಲೇ ಕಂಪ್ಯೂಟರಿನ ಸಮಯ. ಎರಡರ ನಡುವೆ ಇಪ್ಪತ್ತು ನಿಮಿಷ. ಮಗಳು ಗೋಡೆ ಗಡಿಯಾರ ನೋಡಿದಳು. ಪೆಟ್ಟಿಗೆಯೂ ಅದೂ ಒಂದೇ. ಅವಳಿಗೆ ಮೊದಲು ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

"ನಿನ್ನ ಕಂಪ್ಯೂಟರು ಹಿಂದಿದೆ" ಎಂದರು ಟೈಮಪ್ಪನವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಜಾತಿ. ಮಗಳು ತನ್ನ ಫೋನು ತೋರಿಸಿದಳು. ಅದೂ ಕಂಪ್ಯೂಟರಿನ ಕಡೆಯೇ. ಆಗ ಅವರಿಗೆ ಏಣಿಯ ಮೇಲಿನ ಕ್ಯಾಮೆರಾದವನು ನೆನಪಾದ.

ಜೀವನವಿಡೀ ಕಳೆದ ಇಪ್ಪತ್ತನ್ನು ಟೈಮಪ್ಪನವರು ಅಲ್ಲೇ ಕುಳಿತು ಮತ್ತೆ ಕಳೆದರು. ಆಯಮ್ಮ ಬಂದದ್ದು ಸರಿಯಾಗಿ ಎಂಟಕ್ಕೆ. ಆವತ್ತು ಮಾತ್ರವಲ್ಲ, ಎಲ್ಲ ದಿನವೂ. ಹಾಲಿನವನು, ಪೇಪರಿನವನು, ಶಾಲೆಯ ವ್ಯಾನು, ಲೋಕವೆಲ್ಲ ಹೊತ್ತಿಗೆ ಸರಿಯಾಗಿಯೇ ನಡೆಯುತ್ತಿತ್ತು. ಇನ್ನು ತಾವು ಹೊರಟದ್ದು ಎಂಟಕ್ಕೆ ಇನ್ನೂ ಕಾಲು ಗಂಟೆ ಇರುವಾಗ. ಡಿಪೋದಲ್ಲಿ ತಡವಾಗಿ ಹೊರಟ ಬಸ್ಸಿಗೆ ಹತ್ತು ಕಾರಣ ಕೇಳುತ್ತಿದ್ದರು, ಮಳೆಯೋ ಟೈರೋ ಅಂದರೆ ಬಿಡುತ್ತಿದ್ದರು. ಬೇಗ ಹೊರಟ ಬಸ್ಸಿಗೆ ಕ್ಷಮೆ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಬಂದವರನ್ನು ನಿಲ್ದಾಣದಲ್ಲಿ ಕೈಬಿಟ್ಟು ಹೋಗುವ ಕೆಲಸ ಅದು. ಎಷ್ಟು ಡ್ರೈವರುಗಳಿಗೆ ಅವರೇ ಅದನ್ನು ಹೇಳಿ ಬೆವರಿಳಿಸಿದ್ದರೋ! ಈಗ ಅವರ ಮುಖ ಇಂಗು ತಿಂದ ಮಂಗನಂತಾಗಿತ್ತು ಎಂದು ನಗಬಹುದು, ಆದರೆ ಆ ಹೊತ್ತಿಗೆ ಆ ಕೋಣೆಯಲ್ಲಿ ನಗುವವರು ಇರಲಿಲ್ಲ. ಅವರಿಗೆ ನಿಜವಾಗಿಯೂ ನಾಚಿಕೆಯಾಗಿತ್ತು.

"ಸಮಯ ಸರಿಮಾಡ್ಲಾ?" ಎಂದು ಮಗಳು ಕೇಳಿದಳು. ಒಂದು ಗುಂಡಿ ಒತ್ತಿದರೆ ಪೆಟ್ಟಿಗೆ ಕಂಪ್ಯೂಟರಿನ ಹೊತ್ತಿಗೆ ಬಂದುಬಿಡುತ್ತಿತ್ತು.

"ಮಾಡು. ಅದಕ್ಕೂ ಮುಂಚೆ ಆ ವಿಡಿಯೋ ಇಳಿಸ್ಕೊ. ನಾನು ಹೋಗಿದ್ದೂ ಅದರಲ್ಲಿ ಇರಲಿ."

ಆಯಮ್ಮ ಇದ್ದದ್ದು ಮರದ ಮಿಲ್ಲಿನ ಹಿಂದಿನ ಸಾಲುಮನೆಗಳಲ್ಲಿ. ನಲ್ಲಿಯ ಪಕ್ಕ ಕಲ್ಲಿನ ಮೇಲೆ ಬಟ್ಟೆ ಉಜ್ಜುತ್ತಿದ್ದವಳು ಟೈಮಪ್ಪನವರನ್ನು ಕಂಡು ಎದ್ದು ನಿಂತಳು. "ಅಕ್ಕಾವ್ರು ಹೇಗಿದಾರೆ?" ಎಂಬುದೇ ಅವಳ ಮೊದಲ ಮಾತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಟೈಮಪ್ಪನವರಿಗೆ ಅಲ್ಲೇ ಕೈಕೊಟ್ಟವು.

"ನೀವು ಹೊತ್ತಿಗೆ ಸರಿಯಾಗಿ ಬಂದಿದ್ರಿ. ನಮ್ಮ ಮಷೀನಿನ ಟೈಮು ತಪ್ಪಿತ್ತು."

"ಮಷೀನಿಗೆ ಟೈಮ್ ಹೇಳ್ಕೊಟ್ಟೋರು ಯಾರು ಸಾರ್?"

"ನಾನೇ."

ಅವಳು ಕೈಯ ನೊರೆ ತೊಳೆದುಕೊಂಡಳು. "ಏಜೆನ್ಸಿಯೋರು ನನ್ನ ಹೆಸರು ಹೊಡೆದು ಹಾಕ್ತೀವಿ ಅಂದಿದಾರೆ. ಅವರಿಗೂ ಹೀಗೇ ಹೇಳಿ. ಇಲ್ಲೇ ಹೇಳಿ, ನನಗೆ ಕೇಳಿಸ್ಲಿ."

ಟೈಮಪ್ಪನವರು ಬಟನ್ ಫೋನ್ ತೆಗೆದು, ಸ್ಪೀಕರ್ ಹಾಕಿ, ಏಜೆನ್ಸಿಯ ಮೇಡಂಗೆ ಹೇಳಿದರು. ನಲ್ಲಿಯ ಬಳಿ ಕೊಡ ಹಿಡಿದು ನಿಂತಿದ್ದವರೂ ಕೇಳಿಸಿಕೊಂಡರು. "ಹಾಗಾದ್ರೆ ತಪ್ಪು ಯಾರದು ಸಾರ್?" ಎಂದು ಮೇಡಂ ಬಿಡದೆ ಕೇಳಿದರು. "ನನ್ನದು. ಅವರು ಬರೋ ಮೊದಲೇ ನಾನು ಮನೆ ಬಿಟ್ಟು ಹೋಗಿದ್ದೆ. ವಿಡಿಯೋದಲ್ಲಿದೆ, ಕಳಿಸ್ತೀನಿ, ನೋಡಿ." ಹಾಗಿದ್ದರೆ ಆಯಮ್ಮನ ಹೆಸರು ತೆಗೆಯುವುದಿಲ್ಲ ಎಂದು ಮೇಡಂ ಒಪ್ಪಿದರು.

ಫೋನ್ ಇಟ್ಟ ಮೇಲೆ ಆಯಮ್ಮ ಮತ್ತೆ ಬಟ್ಟೆಯ ಮುಂದೆ ಕುಳಿತಳು. "ನಾಳೆ ಬರ್ತೀನಿ ಸಾರ್. ಇವತ್ತು ಇಷ್ಟೂ ನೆನೆಹಾಕ್ಬಿಟ್ಟಿದೀನಿ." ಸ್ವಲ್ಪ ಉಜ್ಜಿ, ತಲೆ ಎತ್ತದೆ ಹೇಳಿದಳು: "ನನ್ನ ಮಾತು ನಂಬ್ಲಿಲ್ಲ, ಹೋಗ್ಲಿ, ನಾನು ಹೊರಗಿನೋಳು. ಅಕ್ಕಾವ್ರು ಹೇಳಿದ್ರಲ್ಲ. ಅವರದಾದ್ರೂ ಕೇಳ್ಬೇಕಿತ್ತು ನೀವು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟೈಮಪ್ಪನವರು ಬಸ್ಸು ಹಿಡಿಯದೆ ನಡೆದೇ ಮನೆಗೆ ಬಂದರು.

ಅಕ್ಕ ಎಚ್ಚರವಾಗಿದ್ದರು. ರೇಡಿಯೋದಲ್ಲಿ ಯಾರೋ ಬೆಳೆಗೆ ಬರುವ ಹುಳುವಿನ ವಿಷಯ ಹೇಳುತ್ತಿದ್ದರು. ಟೈಮಪ್ಪನವರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. "ನಾಳೆ ಬರ್ತಾಳಂತೆ" ಎಂದರು. ಅಕ್ಕ "ಹೂಂ" ಎಂದರು, ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಇರಲಿಲ್ಲ. ತಮ್ಮನೇ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು.

ಅಕ್ಕ ಬಿದ್ದು ಇಷ್ಟು ದಿನವಾಗಿತ್ತು. ಯಾವಾಗ ಬಿದ್ದದ್ದು ಎಂದು ಎಲ್ಲರೂ ಕೇಳಿದ್ದರು, ಯಾಕೆ ಬಿದ್ದದ್ದು ಎಂದು ಟೈಮಪ್ಪನವರು ಒಂದು ದಿನವೂ ಕೇಳಿರಲಿಲ್ಲ. ಈಗ ರೇಡಿಯೋ ಆರಿಸಿ ಕೇಳಿದರು: "ಆವತ್ತು ಏನಾಯ್ತಕ್ಕ? ಮೊದಲಿನಿಂದ ಹೇಳು."

"ಏನಾಗೋದು? ಬಚ್ಚಲಿಗೆ ಹೋಗ್ಬೇಕಿತ್ತು. ಆಯಮ್ಮ ಬರೋ ತನಕ ತಡೀಲಿಕ್ಕಾಗ್ಲಿಲ್ಲ. ನಿನ್ನ ಕೂಗಿದೆ. ಬರ್ಲಿಲ್ಲ. ಪೇಪರ್ ಓದ್ತಿರ್ಬೇಕು ಅಂತ ಮತ್ತೆ ಜೋರಾಗಿ ಕೂಗಿದೆ. ಆಗ್ಲೂ ಬರ್ಲಿಲ್ಲ. ಪಾಪ, ಇವನಿಗೂ ವಯಸ್ಸಾಯ್ತು, ಕಿವಿ ಮಂದ ಆಗಿದೆ, ಯಾಕೆ ಸುಮ್ನೆ ತೊಂದರೆ ಕೊಡೋದು ಅಂತ ನಾನೇ ಎದ್ದೆ."

ಟೈಮಪ್ಪನವರ ಕಿವಿ ಚೆನ್ನಾಗಿಯೇ ಇತ್ತು.